ತುತ್ತು ಸಿಕ್ಕಿಕೊಂಡರೆ ಅದೂ ‘ಗ್ಯಾಸ್ಟ್ರಿಕ್’ ತಾನಾ?

ಇವತ್ತು ಅನ್ನನಾಳದ ಬಗ್ಗೆ ಮಾತಾಡೋಣ. ನಮ್ಮಲ್ಲಿ ಎದೆ ಉರಿದರೂ ಗ್ಯಾಸ್ಟ್ರಿಕ್, ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ತುತ್ತು ಎದೆಯಲ್ಲಿ ಸಿಕ್ಕಿಕೊಂಡರೂ ಗ್ಯಾಸ್ಟ್ರಿಕ್. ಮೊದಲ ಎರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಇದೆ.

ಒಪಿಡಿಗೆ ಬರುವ ಕೆಲವು ಯುವಕರಲ್ಲಿ ಒಂದು ಅಭ್ಯಾಸ ನೋಡ್ತೀನಿ. ಚಪಾತಿಯನ್ನ ಚೂರು ಮಾಡಿ, ಸಾರಿನಲ್ಲಿ ನೆನೆಸಿ, ತುತ್ತಿಗೊಮ್ಮೆ ನೀರು ಕುಡಿದು ಇಳಿಸ್ತಾರೆ. ‘ನುಂಗೋಕೆ ಕಷ್ಟನಾ?’ ಅಂದರೆ ‘ಇಲ್ಲ ಡಾಕ್ಟ್ರೇ’ ಅಂತಾರೆ. ‘ಊಟಕ್ಕೆ ಎಷ್ಟು ಹೊತ್ತು ಬೇಕು?’ ಅಂತ ಕೇಳಬೇಕು. ಆಗ ಪಕ್ಕದಲ್ಲಿ ಕೂತ ಅಮ್ಮನೋ ಹೆಂಡತಿಯೋ ನಗ್ತಾರೆ. ನನಗೆ ಬೇಕಾದ ಉತ್ತರ ಆ ನಗುವಿನಲ್ಲೇ ಸಿಗುತ್ತೆ.

ಇದು ಇಯೊಸಿನೊಫಿಲಿಕ್ ಈಸೊಫೆಜೈಟಿಸ್ ಇರಬಹುದು. ಅನ್ನನಾಳದ ಅಲರ್ಜಿ ಉರಿಯೂತ ಅನ್ನೋಣ. ಇಯೊಸಿನೊಫಿಲ್ ಅಂದರೆ ಅಲರ್ಜಿಯಲ್ಲಿ ಹೆಚ್ಚುವ ಒಂದು ಬಿಳಿ ರಕ್ತಕಣ. ಆರೋಗ್ಯವಾಗಿರುವ ಅನ್ನನಾಳದ ಒಳಪದರದಲ್ಲಿ ಅದಕ್ಕೇನೂ ಕೆಲಸವಿಲ್ಲ. ಬಯಾಪ್ಸಿಯಲ್ಲಿ, ಸೂಕ್ಷ್ಮದರ್ಶಕದ ಒಂದು ಹೈಪವರ್ ನೋಟದಲ್ಲಿ 15 ಅಥವಾ ಹೆಚ್ಚು ಕಂಡರೆ, ನುಂಗುವ ತೊಂದರೆಯೂ ಇದ್ದು ಬೇರೆ ಕಾರಣ ಸಿಗದಿದ್ದರೆ, ಈ ಕಾಯಿಲೆ ಅಂತ ಲೆಕ್ಕ.

ಹಿಂದೆ ವಿಂಗಡಣೆ ಸುಲಭವಾಗಿತ್ತು. ಆಮ್ಲ ತಗ್ಗಿಸೋ ಮಾತ್ರೆಗೆ ವಾಸಿಯಾದರೆ ಆಸಿಡ್ ರಿಫ್ಲಕ್ಸ್, ಆಗದಿದ್ದರೆ ಅಲರ್ಜಿ. 2007ರ ಮಾರ್ಗಸೂಚಿ ಹೆಚ್ಚುಕಡಿಮೆ ಇದನ್ನೇ ಹೇಳ್ತಿತ್ತು. ಕಾಯಿಲೆ ಮಾತ್ರ ಪುಸ್ತಕದ ಮಾತು ಕೇಳಲಿಲ್ಲ. ಅಲರ್ಜಿಯ ಎಲ್ಲ ಗುರುತು ಇದ್ದವರಲ್ಲೂ ಹಲವರು ಅದೇ ಮಾತ್ರೆಗೆ ಗುಣವಾದರು. ಒಮೆಪ್ರಜೋಲ್ ಥರದ ಔಷಧಿ ಇಯೊಸಿನೊಫಿಲ್‌ಗಳನ್ನ ಕರೆಯುವ ಇಯೊಟಾಕ್ಸಿನ್-3 ಅನ್ನೋ ಸಂಕೇತವನ್ನೂ ತಗ್ಗಿಸುತ್ತೆ ಅಂತ ಪ್ರಯೋಗಾಲಯದಲ್ಲಿ ಕಂಡಿತು. 2018ರಲ್ಲಿ ಅಂತರರಾಷ್ಟ್ರೀಯ ತಜ್ಞರು ರೋಗ ಗುರುತಿಸಲು ಆ ಮಾತ್ರೆಯ ಪರೀಕ್ಷೆ ಬೇಡ ಅಂದರು. ಈಗ ಅದು ಚಿಕಿತ್ಸೆಗಳಲ್ಲೊಂದು, ಅಷ್ಟೇ. ನುಂಗುವ ಸ್ಟೆರಾಯ್ಡ್ ಇದೆ, ಪಥ್ಯ ಇದೆ.

ಇನ್ನೊಂದು ಗೋಜಲು ಅಂದರೆ, ಎರಡೂ ಒಬ್ಬರಲ್ಲೇ ಇರಬಹುದು. ಆಮ್ಲ ಪದೇ ಪದೇ ಮೇಲೆ ಬಂದರೆ ಒಳಪದರದ ಜೀವಕೋಶಗಳ ನಡುವೆ ಸಂದು ಬಿಡುತ್ತೆ. ಹಾಲು, ಗೋಧಿಯ ಪ್ರೋಟೀನ್ ಆ ಸಂದಿನಲ್ಲಿ ನುಸುಳಿ ಅಲರ್ಜಿಯನ್ನ ಕೆಣಕಬಹುದು. ಅತ್ತ ಅಲರ್ಜಿಯಿಂದ ಅನ್ನನಾಳ ಗಡುಸಾದರೆ, ಮೇಲೆ ಬಂದ ಆಮ್ಲವನ್ನ ಕೆಳಗೆ ತಳ್ಳೋ ಶಕ್ತಿ ಕುಗ್ಗುತ್ತೆ. ಹಾಗಾಗಿ ‘ಎರಡರಲ್ಲಿ ಯಾವುದು ಡಾಕ್ಟ್ರೇ?’ ಅನ್ನೋ ಪ್ರಶ್ನೆಗೆ ಎಷ್ಟೋ ಸಲ ಒಂದೇ ಮಾತಿನ ಉತ್ತರ ಇರಲ್ಲ.

ವರ್ಷಗಟ್ಟಲೆ ಬಿಟ್ಟರೆ ನಾಳ ಕಿರಿದಾಗುತ್ತೆ. ಎಂಡೋಸ್ಕೊಪಿಯಲ್ಲಿ ಬರಿಗಣ್ಣಿಗೆ ಎಲ್ಲ ಸರಿಯಾಗೇ ಕಾಣಬಹುದು. ಅದಕ್ಕೇ ನುಂಗುವ ತೊಂದರೆ ಇದ್ದರೆ ಬೇರೆ ಬೇರೆ ಮಟ್ಟದಿಂದ ಕನಿಷ್ಠ 6 ಚೂರು ಬಯಾಪ್ಸಿಗೆ ತೆಗೀಬೇಕು. ‘ಬಯಾಪ್ಸಿ ಮಾಡಿದ್ರಾ?’ ಅಂತ ನೀವೂ ಕೇಳಿ. ಆ ಪದ ಕೇಳಿದ ಕೂಡಲೇ ಕ್ಯಾನ್ಸರ್ ಅಂತ ಹೆದರೋದು ಬೇಡ.

ತುತ್ತು ಸಿಕ್ಕಿಕೊಂಡು ಉಗುಳೂ ಇಳೀತಿಲ್ಲ ಅಂದರೆ ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಿ ತಳ್ಳೋಕೆ ಹೋಗಬೇಡಿ. ತಕ್ಷಣ ಎಂಡೋಸ್ಕೊಪಿ ಇರೋ ಆಸ್ಪತ್ರೆಗೆ ಹೊರಡಿ.