ಗಾಳಿಯ ಲೆಕ್ಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಮೈಕ್ ಇರುವುದರಿಂದ ಮಾಸ್ಕ್ ತೆಗೆಯದೆಯೇ ಮಾತನಾಡುತ್ತೇನೆ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಈ ಮಾಸ್ಕೇ ಇವತ್ತಿನ ವಿಷಯ. ದಾಸೋಹದ ಮನೆಯ ಹತ್ತಿರ ಸಿಕ್ಕಾಗಲೆಲ್ಲ ನೀವು ಕೇಳುತ್ತೀರಿ, "ಏನ್ರೀ ಸಾಹೇಬ್ರ, ಕೊರೊನಾ ಹೋಗಿ ಎಷ್ಟು ವರ್ಷ ಆತು, ನೀವಿನ್ನೂ ಮಾಸ್ಕ್ ಬಿಟ್ಟಿಲ್ಲಲ್ರೀ?" ನೀವು ನಗುತ್ತ ಕೇಳುತ್ತೀರಿ, ನಾನೂ ನಗುತ್ತ ಮುಂದೆ ಹೋಗುತ್ತೇನೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅದಲ್ಲ. ಸಂಚಾಲಕರು ಇವತ್ತು ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ, ಹೇಳಿಬಿಡುತ್ತೇನೆ.

ನಮ್ಮ ಮನೆಯವರಿಗೆ 2017ರಲ್ಲಿ ಕಿಡ್ನಿ ಕಸಿ ಆಯಿತು. ಕೊಟ್ಟವರು ಅವರ ಒಡಹುಟ್ಟಿದ ಅಕ್ಕ. ಹೊರಗಿನಿಂದ ಬಂದ ಅಂಗವನ್ನು ದೇಹ ತಳ್ಳಿಹಾಕಬಾರದೆಂದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಗುಳಿಗೆಯನ್ನು ಬದುಕಿರುವವರೆಗೂ ನುಂಗಬೇಕು. ಮನೆಯ ಕಾವಲುಗಾರನಿಗೆ ನಾವೇ ದಿನಾ ನಿದ್ದೆ ಬರಿಸಿದಂತೆ. ಲಸಿಕೆಯೂ ನಮ್ಮಲ್ಲಿ ನಿಮ್ಮಲ್ಲಿ ಕೆಲಸ ಮಾಡುವಷ್ಟು ಅಂಥವರಲ್ಲಿ ಮಾಡುವುದಿಲ್ಲ. ನಿಮಗೆ ಮೂರು ದಿನದ ನೆಗಡಿಯಾಗಿ ಹೋಗುವುದು ಅವರನ್ನು ಐಸಿಯುಗೆ ಒಯ್ಯಬಹುದು, ಅಕ್ಕ ಕೊಟ್ಟ ಕಿಡ್ನಿಯನ್ನೇ ಕಳೆಯಬಹುದು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ರೋಗದ ಅಪಾಯ ಮುಗಿದಿಲ್ಲವೆಂದೂ ಅದೇ ದಿನ ಹೇಳಿತು. ಆ ಎರಡನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಜೆಎನ್.1 ತಳಿ ಬಂದಾಗ, ಅರವತ್ತು ದಾಟಿದವರು ಮಾಸ್ಕ್ ಹಾಕಿಕೊಳ್ಳಿ ಎಂದು ನಮ್ಮ ರಾಜ್ಯ ಸರ್ಕಾರವೇ ಹೇಳಿತು. ಅದನ್ನೂ ಜನ ಬೇಗ ಮರೆತರು. ಕೋವಿಡ್‌ನಿಂದ ದೇಶದಲ್ಲಿ ದಾಖಲಾದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯವರದು. ಅದನ್ನು ಈಗ ಎಷ್ಟು ಜನ ನೆನೆಯುತ್ತಾರೆ? ಮರೆಯದೆ ಬದುಕು ಸಾಗುವುದಿಲ್ಲ, ನಾನು ದೂರುತ್ತಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಗುಳಿಗೆ ಡಬ್ಬಿ ತೆರೆದಾಗಲೆಲ್ಲ ಅದು ನೆನಪಾಗುತ್ತದೆ.

ನಾನು ಮೂವತ್ತು ವರ್ಷ ಊರೂರಿಗೆ ಕುಡಿಯುವ ನೀರು ಕೊಡುವ ಕೆಲಸ ಮಾಡಿದವನು. ಕೊಳವೆಯ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಅದು ನಿಯಮ. "ಹೋದ ವರ್ಷ ಕಾಲರಾ ಬಂದಿಲ್ಲ, ಈ ವರ್ಷ ಬ್ಲೀಚಿಂಗ್ ಪೌಡರ್ ಯಾಕೆ?" ಎಂದು ಯಾವ ಪುರಸಭಾ ಸದಸ್ಯರೂ ನನ್ನನ್ನು ಕೇಳಲಿಲ್ಲ. (ಬಿಲ್ ಪಾಸು ಮಾಡುವಾಗ ಬೇರೆ ಪ್ರಶ್ನೆಗಳನ್ನು ಕೇಳುತ್ತಿದ್ದರು, ಅದು ಬೇರೆ ಕಥೆ.) ಬ್ಲೀಚಿಂಗ್ ಕಲಸುವವನನ್ನು ಅಂಜುಬುರುಕ ಎಂದು ಯಾರೂ ಹಂಗಿಸಲಿಲ್ಲ. ಇಷ್ಟಲಿಂಗ ಧರಿಸಿದವರಿಗೆ ಯಾವ ಭಯ ಎಂದು ಈಚೆಗೆ ಹಿರಿಯರೊಬ್ಬರು ನನ್ನ ಮಾಸ್ಕ್ ನೋಡಿ ಅಂದರು. ಅವರ ಊರಿನ ಟ್ಯಾಂಕಿಗೆ ನಾನು ಕ್ಲೋರಿನ್ ಹಾಕಿಸುವಾಗ ನನ್ನ ನಿಷ್ಠೆಯ ಮಾತು ಬಂದಿರಲಿಲ್ಲ.

ನೀರಿನ ವಿಷಯದಲ್ಲಿ ನಮಗೆ ಬಂದ ಬುದ್ಧಿ ಗಾಳಿಯ ವಿಷಯದಲ್ಲಿ ಇನ್ನೂ ಬಂದಿಲ್ಲ. 2020ರಲ್ಲಿ ಊರಿಗೆ ಊರೇ ತರಕಾರಿ ತೊಳೆಯಿತು, ಹಾಲಿನ ಪಾಕೀಟು ತೊಳೆಯಿತು. ಈ ರೋಗ ಮುಖ್ಯವಾಗಿ ಹರಡುವುದು ಉಸಿರಿನಿಂದ. ಮುಚ್ಚಿದ ಕೋಣೆಯಲ್ಲಿ ಅದು ಬೀಡಿ ಹೊಗೆಯಂತೆ ತೇಲುತ್ತ ನಿಲ್ಲುತ್ತದೆ. ಸೇದಿದವನು ಎದ್ದು ಹೋದರೂ ವಾಸನೆ ಉಳಿಯುತ್ತದಲ್ಲ, ಹಾಗೆ.

ನನ್ನ ಜೇಬಿನಲ್ಲಿ ಅಂಗೈಯಗಲದ ಒಂದು ಮೀಟರ್ ಇದೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಅಳೆಯುತ್ತದೆ. ರೋಗವನ್ನು ಅಳೆಯುವುದಿಲ್ಲ, ಗಾಳಿ ಎಷ್ಟು ಹಳಸಿದೆ ಎಂದಷ್ಟೇ ತೋರಿಸುತ್ತದೆ. ಬಯಲಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಹೋದ ತಿಂಗಳು ಇದೇ ಭವನದಲ್ಲಿ, ಬಾಗಿಲು ಮುಚ್ಚಿ ಒಂದು ಗಂಟೆಯಾದ ಮೇಲೆ, 2,000 ತೋರಿಸಿತು. ಲೆಕ್ಕ ಹಾಕಿ: ನಾವು ಎಳೆದುಕೊಂಡ ಇಪ್ಪತ್ತೈದು ಉಸಿರಿನಲ್ಲಿ ಒಂದು ಉಸಿರು ಆಗಲೇ ಯಾರದೋ ಎದೆಯೊಳಗೆ ಹೋಗಿ ಬಂದದ್ದು. ಇನ್ನೊಬ್ಬರು ಬಾಯಿ ಮುಕ್ಕಳಿಸಿದ ನೀರನ್ನು ನಾವು ಕುಡಿಯುತ್ತೇವೆಯೇ? ಎರಡೂ ಬಾಗಿಲು ತೆರೆಸಿದೆ. ಅರ್ಧ ಗಂಟೆಯಲ್ಲಿ 900ಕ್ಕೆ ಇಳಿಯಿತು, ಅಂದರೆ ಎಂಬತ್ತು ಉಸಿರಿಗೆ ಒಂದು. ಕಾಸು ಖರ್ಚಿಲ್ಲ. ಮೇಲಿನ ಫ್ಯಾನು ಇದ್ದ ಗಾಳಿಯನ್ನೇ ತಿರುಗಿಸುತ್ತದೆ, ಹೊಸದನ್ನು ತರುವುದಿಲ್ಲ.

ಒಳಾಂಗಣದಲ್ಲಿ ಎನ್95 ಮಾಸ್ಕ್, ಊಟ ಬಯಲಿನಲ್ಲಿ, ಬಂದವರನ್ನು ಕೂರಿಸುವುದು ಮನೆ ಮುಂದಿನ ಕಟ್ಟೆಯ ಮೇಲೆ. ನಮ್ಮ ನೇಮ ಇಷ್ಟೇ. ರೂಢಿಯಾದರೆ ಕಷ್ಟವಲ್ಲ.

ಕಷ್ಟ ಇರುವುದು ಬೇರೆ ಕಡೆ. ತಮ್ಮನ ಮಗಳ ಮದುವೆ ಎ.ಸಿ. ಕಲ್ಯಾಣ ಮಂಟಪದಲ್ಲಿತ್ತು. ನಾವಿಬ್ಬರೂ ಹೊರಗಿನ ಚಪ್ಪರದಲ್ಲೇ ನಿಂತೆವು. ಒಳಗಿನಿಂದ ಒಬ್ಬ ಬೀಗರು ಬಂದು, "ನಮಗೇನು ರೋಗ ಅಂಟೇತಿ ಅಂತ ತಿಳಿದೀರೇನು?" ಎಂದು ಮುಖ ಕೆಂಪು ಮಾಡಿಕೊಂಡು ಹೋದರು. ಇವತ್ತಿಗೂ ಮಾತಿಲ್ಲ. ಅವರಿಗೆ ನಾನು ಹೇಳಬೇಕಾದದ್ದು ಇಷ್ಟು: ಈ ರೋಗವನ್ನು ಲಕ್ಷಣ ಕಾಣಿಸದವರೂ ಹರಡಬಲ್ಲರು. ನನ್ನ ಉಸಿರಿನಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ. ನನ್ನ ಅನುಮಾನ ನಿಮ್ಮ ಮೇಲಲ್ಲ, ಮನೆಗೆ ಏನನ್ನಾದರೂ ಹೊತ್ತೊಯ್ಯುವ ನನ್ನ ಮೇಲೆ. ಮದುಮಗಳಿಗೆ ಇದನ್ನೆಲ್ಲ ವಿವರಿಸಬೇಕಾಗಲಿಲ್ಲ. "ದೊಡ್ಡಪ್ಪ, ದೊಡ್ಡವ್ವ ಒಳಗ ಬರಾಕ ಆಗಂಗಿಲ್ಲಂದ್ರ ನಾನ ಹೊರಗ ಬರ್ತೀನಿ" ಎಂದು ಸೀರೆ ಎತ್ತಿ ಹಿಡಿದುಕೊಂಡು ಚಪ್ಪರಕ್ಕೇ ಬಂದಳು. ಅಲ್ಲೇ ಹೂವು ಹಾಕಿ ಹರಸಿದೆವು.

ಅಕ್ಕನ ಬಳಗದ ತಾಯಂದಿರೇ, ನಮ್ಮ ಮನೆಯವರು ನಿಮ್ಮ ನಡುವೆ ಕೂತು ವಚನ ಹಾಡಿ ಐದು ವರ್ಷದ ಮೇಲಾಯಿತು. ಈಗ ಮನೆಯಲ್ಲಿ ಕೂತು ಫೋನಿನಲ್ಲಿ ಕೇಳುತ್ತಾರೆ, ಜೊತೆಗೆ ಹಾಡುತ್ತಾರೆ, ನಿಮಗೆ ಅದು ಕೇಳಿಸುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರು ನಮ್ಮ ಊರಿನಲ್ಲೇ ಇದ್ದಾರೆ. ಅವರೂ ಮೆಲ್ಲಗೆ ಬರುವುದು ಬಿಟ್ಟರು. ಯಾಕೆ ಬರಲಿಲ್ಲ ಎಂದು ಎಷ್ಟು ಜನ ವಿಚಾರಿಸಿದ್ದೇವೆ? ನೀವೆಲ್ಲ ಮಾಸ್ಕ್ ಹಾಕಿ ಎಂದು ನಾನು ಕೇಳುತ್ತಿಲ್ಲ. ಕೆಮ್ಮು, ಜ್ವರ ಇದ್ದ ದಿನ ಮನೆಯಲ್ಲೇ ಇರಿ, ಹಾಕಿಕೊಂಡವರನ್ನು ಅವರ ಪಾಡಿಗೆ ಬಿಡಿ.

ಇನ್ನೊಂದು ಬೇಡಿಕೆ ಇದೆ. ಈ ಭವನದ ಪಡುವಣ ಗೋಡೆಯಲ್ಲಿ ನಾಲ್ಕು ಕಿಟಕಿಗಳಿವೆ. ಪಾರಿವಾಳ ಬರುತ್ತವೆಂದು ಮೊಳೆ ಹೊಡೆದು ಮುಚ್ಚಿದ್ದಾರೆ. ಮೊಳೆ ಕಿತ್ತು ಜಾಳಿಗೆ ಹಾಕಿದರೆ ಪಾರಿವಾಳ ಬರಲಾರವು, ಗಾಳಿ ಬರುತ್ತದೆ. ಎದುರು ಗೋಡೆಯ ಮೇಲ್ಭಾಗಕ್ಕೆ ಎರಡು ಎಕ್ಸಾಸ್ಟ್ ಫ್ಯಾನ್ ಸಾಕು. ಅಂದಾಜುಪಟ್ಟಿ ಮಾಡಿ ಸಂಚಾಲಕರ ಕೈಗೆ ಕೊಟ್ಟಿದ್ದೇನೆ. ಪೂಜ್ಯರು ಅಪ್ಪಣೆ ಕೊಟ್ಟರೆ ನಿಂತು ಕೆಲಸ ಮಾಡಿಸುತ್ತೇನೆ. ಕೆಲಸ ಮುಗಿದ ಮೇಲೆ ಆ ಮೂರನೆಯ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಸಿಡಲು ನಮ್ಮ ಮನೆಯವರು ಹೇಳಿ ಕಳಿಸಿದ್ದಾರೆ. ಬರುವಾಗ ಮೀಟರನ್ನು ಅವರೇ ಹಿಡಿದುಕೊಂಡು ಬರುತ್ತಾರಂತೆ.