ಮಂದದೃಷ್ಟಿಯೂ ಶಸ್ತ್ರಚಿಕಿತ್ಸೆಯೂ



ಬಾಳೆಲ್ಲ ಚೆನ್ನಾಗಿ ಕಂಡವನಿಗೆ ಮುಪ್ಪಿನಲ್ಲಿ ಪೊರೆ ಬಂದರೆ, ಕಳೆದುದನ್ನು ಮರಳಿ ಪಡೆಯಲೆಂದು ಅವನು ಶಸ್ತ್ರವೈದ್ಯರ ಬಳಿಗೆ ಹೋಗುತ್ತಾನೆ. ಬಾಲ್ಯದಿಂದಲೇ ಮಂದದೃಷ್ಟಿಯವನಾದವನ ಸ್ಥಿತಿ ಬೇರೆ. ಅವನಿಗಿರುವುದು ಅಲ್ಪ ಬಂಡವಾಳ, ಅದನ್ನೇ ಪಣಕ್ಕೊಡ್ಡಬೇಕು. ನಾನು ಈ ಎರಡನೆಯ ವರ್ಗದವನು.

ನನ್ನದು ಅತಿಯಾದ ಸಮೀಪದೃಷ್ಟಿ. ಕಣ್ಣುಗುಡ್ಡೆಯು ಉದ್ದವಾಗಿ ಬೆಳೆದಿರುವುದರಿಂದ ದೂರದ ವಸ್ತುವಿನ ಬಿಂಬವು ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ. ಉಪನೇತ್ರದ ಅಳತೆ ಋಣ 14 ಡಯಾಪ್ಟರು. ಅದನ್ನು ತೆಗೆದರೆ ಸುಮಾರು 7 ಸೆಂಟಿಮೀಟರಿನಾಚೆಗೆ ಲೋಕವೆಲ್ಲ ಮಂಜು. ಬೀದಿಯಲ್ಲಿ ಪರಿಚಿತರನ್ನು ನಡಿಗೆಯಿಂದಲೂ ದನಿಯಿಂದಲೂ ಗುರುತಿಸುವುದು ರೂಢಿಯಾಯಿತು. ಗುರುತಿಸದಾಗ ಅಹಂಕಾರಿಯೆಂಬ ಬಿರುದೂ ಬಂದಿತು. ಆದರೆ ಈ ದೋಷವು ಒಂದು ವರವನ್ನೂ ಕೊಟ್ಟಿತು. ಮೂಗಿನ ಬಳಿ ಹಿಡಿದರೆ ತಾಳೆಗರಿಯ ಸಣ್ಣ ಗೀರೂ ಭೂತಗನ್ನಡಿಯಿಲ್ಲದೆ ಸ್ಪಷ್ಟವಾಗುತ್ತಿತ್ತು. ಈಗ ಎರಡು ಕಣ್ಣುಗಳಿಗೂ ಪೊರೆ ಕವಿದು ಆ ವರವೂ ಕುಂದುತ್ತಿದೆ.

ಪೊರೆಯೆಂಬುದು ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ. ಒಳಗಿನ ಮಸೂರವೇ ಮಬ್ಬಾಗುವುದು. ಅದನ್ನು ಸೂಜಿಯಿಂದ ಪಕ್ಕಕ್ಕೆ ಸರಿಸುವ ಕ್ರಮವು ಸುಶ್ರುತ ಸಂಹಿತೆಯಲ್ಲಿದೆ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆಯವರು ಕೃತಕ ಮಸೂರವನ್ನು ಕಣ್ಣಿನೊಳಗಿರಿಸಿದರು. ಯುದ್ಧವಿಮಾನದ ಪಾರದರ್ಶಕ ಪ್ಲಾಸ್ಟಿಕ್ಕಿನ ಚೂರುಗಳು ಚಾಲಕರ ಕಣ್ಣಿನಲ್ಲಿ ಉಳಿದರೂ ಉರಿಯೂತವಾಗದಿದ್ದುದು ಅವರಿಗೆ ದಾರಿ ತೋರಿತು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆದರು. ಈಗ ಅದಕ್ಕೆ ಸುಮಾರು 3 ಮಿಲಿಮೀಟರಿನ ಸೀಳು ಸಾಕು.

ಹಾಗಾದರೆ ಭಯವೇಕೆ? ಉದ್ದವಾದ ಕಣ್ಣಿನಲ್ಲಿ ಅಕ್ಷಿಪಟಲವು ಹಿಗ್ಗಿ ತೆಳುವಾಗಿರುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಅದು ಕಳಚುವ ಅಪಾಯ ಇತರರಿಗಿಂತ ಹೆಚ್ಚು. ಆದುದರಿಂದ ಮೊದಲು ಅಕ್ಷಿಪಟಲದ ಪರೀಕ್ಷೆ ಆಗಬೇಕು. ಅನಂತರ ಮಿಂಚು ಹೊಳೆದರೆ, ಹೊಸ ಕಪ್ಪುಚುಕ್ಕೆಗಳು ತೇಲಿದರೆ, ಪರದೆ ಇಳಿದಂತಾದರೆ ಆ ದಿನವೇ ವೈದ್ಯರನ್ನು ಕಾಣಬೇಕು.

ವೈದ್ಯರು ನನ್ನನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು: “ಹೊಸ ಮಸೂರದಿಂದ ದೂರ ಕಾಣಬೇಕೋ, ಹತ್ತಿರವೋ?” ದೂರವನ್ನು ಆರಿಸಿದರೆ ಓದಲು ಕನ್ನಡಕ ಬೇಕು. ಬೆಟ್ಟದ ಸಾಲನ್ನು ಬರಿಗಣ್ಣಿನಿಂದ ನೋಡುವ ಆಸೆ ಯಾರಿಗಿಲ್ಲ? ಆದರೂ ಐವತ್ತು ವರ್ಷ ನನ್ನ ಬದುಕು ನಡೆದುದು ಪುಸ್ತಕದ ಹತ್ತಿರದಲ್ಲಿ. ಋಣ 3 ಡಯಾಪ್ಟರು ಉಳಿಯುವಂತೆ ಕೇಳಿಕೊಂಡಿದ್ದೇನೆ. ಪುಸ್ತಕವು 33 ಸೆಂಟಿಮೀಟರಿನಲ್ಲಿ ನಿಲ್ಲುವುದು, ಬೆಟ್ಟಕ್ಕೆ ಕನ್ನಡಕವಿರುವುದು.

ಮುಂದಿನ ತಿಂಗಳು ಒಂದು ಕಣ್ಣಿಗೆ ಚಿಕಿತ್ಸೆ. ಫಲವು ಏನಾಗುವುದೋ ಅರಿಯೆ. ನನ್ನಂಥವರು ಕೇಳಬೇಕಾದುದು “ಪೂರ್ಣದೃಷ್ಟಿ ಬರುವುದೇ?” ಎಂದಲ್ಲ, “ನನ್ನ ಕಣ್ಣಿಗೆ ಯಾವ ಅಪಾಯ, ನನ್ನ ಬಾಳಿಗೆ ಯಾವ ನೋಟ ಬೇಕು?” ಎಂದು. ಇವೆರಡಕ್ಕೆ ಉತ್ತರ ದೊರೆತ ಮೇಲೆ ಭಯವು ಪೂರ್ತಿ ಹೋಗದಿದ್ದರೂ ಹೊರಲು ಹಗುರವಾಗುತ್ತದೆ.