ಕೀಲೆಣ್ಣೆಯ ಲೆಕ್ಕ



ಲಂಚ ಅಂದ್ರೆ ಗಾಡಿಗೆ ಕೀಲೆಣ್ಣೆ ಇದ್ದಂಗೆ ಅಂತ ಪಂಡಿತರು ವಾದಿಸಿದ ಕಾಲ ಒಂದಿತ್ತು. ಅಡ್ಡಗಾಲು ಹಾಕುವ ಸರ್ಕಾರಿ ಕಚೇರಿ ದಾಟಲು ಉದ್ಯಮಿಗೆ ಲಂಚವೇ ದಾರಿ ಎಂದು 1964ರಲ್ಲಿ ನಥಾನಿಯಲ್ ಲೆಫ್ ಬರೆದರು. 1968ರಲ್ಲಿ ಗುನ್ನಾರ್ ಮಿರ್ಡಾಲ್ ತಿರುಗಿಬಿದ್ದರು: ಲಂಚ ಬರಲಿ ಅಂತಲೇ ಕಡತ ತಡೀತಾರಲ್ಲ! ಜಾತಿ ಸರ್ಟಿಫಿಕೇಟಿಗಾಗಿ ತಾಲ್ಲೂಕು ಕಚೇರಿ ಬಾಗಿಲು ಕಾದ ನಮಗೆ ಇದು ತಿಳಿಯೋಕೆ ಪುಸ್ತಕ ಬೇಕಿರಲಿಲ್ಲ, ಬಿಡಿ.

1995ರಲ್ಲಿ ಪಾವೊಲೊ ಮೌರೊ ಹಲವು ದೇಶಗಳ ಅಂಕಿ ಹೋಲಿಸಿ, ಭ್ರಷ್ಟಾಚಾರ ಹೆಚ್ಚಿದ್ದಲ್ಲಿ ಬಂಡವಾಳ ಹೂಡಿಕೆ ಕಡಿಮೆ ಎಂದು ತೋರಿಸಿದರು. ಒಪ್ಪೋಣ. ಆದರೆ ಹೂಡದ ಬಂಡವಾಳವನ್ನು ಎಣಿಸುವ ಈ ಲೆಕ್ಕದಲ್ಲಿ, ಗುಮಾಸ್ತನಿಗೆ ಕೊಡಲು ಕಾಸಿಲ್ಲದೆ, ಸರ್ಟಿಫಿಕೇಟೂ ಸಿಗದೆ, ಹಾಸ್ಟೆಲ್ ಸೀಟು ಬಿಟ್ಟು ಕೂಲಿಗೆ ಹೋದ ನಮ್ಮ ಹುಡುಗ ಯಾವ ಕಾಲಂನಲ್ಲಿದ್ದಾನೆ? ನಮ್ಮಲ್ಲಿ ಅರ್ಥಶಾಸ್ತ್ರ ಓದ್ತಿರೋರು ಅವನಿಂದಲೇ ಎಣಿಕೆ ಶುರು ಮಾಡಿ.